ಜೇಡಿ ಮೇಷ್ಟ್ರ ಎರಡು ಮೂಟೆ

ಶವದ ಗಾಡಿಯಿಂದ ಎರಡನೆಯ ಮೂಟೆ ಇಳಿಸುವಷ್ಟರಲ್ಲಿ ಚಾಲಕನ ಸೊಂಟ ಹಿಡಿದುಕೊಂಡಿತು.

"ಹೆಣಕ್ಕಿಂತ ಇದೇ ಭಾರ ಇದೆಯಲ್ಲಮ್ಮ! ಏನಿದೆ ಇದ್ರೊಳಗೆ?"

"ಜೇಡಿಮಣ್ಣು," ಎಂದಳು ಸತ್ತವನ ಹೆಂಡತಿ. "ಗುಂಡಿ ತಳಕ್ಕೆ ಹಾಸಬೇಕು. ಅವರೇ ಹೇಳಿಟ್ಟಿದ್ದು."

ಗುಂಡಿ ತೋಡುವವನು ಸಲಿಕೆ ಊರಿ ನಿಂತ. ಇಷ್ಟು ವರ್ಷದ ಕೆಲಸದಲ್ಲಿ ಸ್ಮಶಾನಕ್ಕೆ ಮಣ್ಣು ಹೊತ್ತು ತಂದವರನ್ನು ಅವನು ನೋಡಿರಲಿಲ್ಲ. ಆದರೆ ತಕರಾರು ಎತ್ತಿದ್ದು ಅವನಲ್ಲ, ಸತ್ತವನ ಅಣ್ಣ.

"ನನ್ನ ತಮ್ಮ ಏನು ವಿಷದ ಡಬ್ಬಾನಾ? ಅದೆಲ್ಲ ಬೇಡ. ಎಲ್ಲರ ಹಾಗೆ ಮಣ್ಣು ಮಾಡೋಣ."

"ಮಾತು ಕೊಟ್ಟಿದ್ದೀನಿ, ಭಾವ."

"ಕೊಟ್ಟಿದ್ದು ನೀನು, ನಾನಲ್ಲ."

*

ಸತ್ತವನನ್ನು ಎಲ್ಲರೂ ಜೇಡಿ ಮೇಷ್ಟ್ರು ಎನ್ನುತ್ತಿದ್ದರು. ಪುಣ್ಯಾತ್ಮ ಶಾಲೆಯಲ್ಲಿ ಪಾಠ ಮಾಡಿದವನೇ ಅಲ್ಲ. ಹದಿನೆಂಟಕ್ಕೇ ಬ್ಯಾಟರಿ ಕಾರ್ಖಾನೆ ಸೇರಿ ಹದಿನೈದು ವರ್ಷ ಸೀಸ ಕರಗಿಸಿದ. ಕಾರ್ಖಾನೆ ಮುಚ್ಚಿದ ಮೇಲೆ ನೋಡಿದರೆ ಸುತ್ತಲಿನ ಹಿತ್ತಿಲುಗಳಲ್ಲೆಲ್ಲ ಸೀಸ. ಅದನ್ನು ಸರಿಪಡಿಸಲು ಬಂದ ತಂಡಕ್ಕೆ ಕೂಲಿಯಾಗಿ ಹೋದವನು ಇಪ್ಪತ್ತೈದು ವರ್ಷ ಅಲ್ಲೇ ಬೇರುಬಿಟ್ಟ. ಹಿತ್ತಿಲು ಅಗೆದು ಜೇಡಿ ಬೆರೆಸುವುದು, ಹದವಾಗಿ ನೀರು ಕೊಡುವುದು, ಅಲ್ಲಿ ಬೆಳೆದ ಸೊಪ್ಪನ್ನು ಪರೀಕ್ಷೆಗೆ ಕಳಿಸುವುದು, ಇದೆಲ್ಲ ಯಾಕೆಂದು ಮನೆಯವರಿಗೆ ಪಾಠದ ಹಾಗೆ ಬಿಡಿಸಿ ಹೇಳುವುದು ಅವನ ಕೆಲಸ.

"ಸೀಸ ಹೋಯ್ತೇನಪ್ಪ?" ಎಂದು ಒಬ್ಬ ಅಜ್ಜಿ ಕೇಳಿದ್ದಳು.

"ಎಲ್ಲಿಗೂ ಹೋಗಲ್ಲಜ್ಜಿ. ಜೇಡಿ ಅದನ್ನ ಹಿಡಿದು ಕೂರಿಸುತ್ತೆ. ಬೇರಿಗೂ ಅಷ್ಟಾಗಿ ಸಿಗಲ್ಲ, ಬಾವಿಗೂ ಇಳಿಯಲ್ಲ. ಊಟ ಆದ್ಮೇಲೆ ಕೂತ ನಮ್ಮಣ್ಣನ ಹಾಗೆ, ಎಬ್ಬಿಸಿದ್ರೂ ಏಳಲ್ಲ."

ತನ್ನ ಎಲುಬಿನಲ್ಲೂ ಸೀಸ ಕೂತಿದೆಯೆಂದು ಡಾಕ್ಟರ್ ಹೇಳಿದ ದಿನ ಮನೆಗೆ ಬಂದು ನಕ್ಕಿದ್ದ. "ನನಗೆ ಎರಡು ಮೂಟೆ ಸಾಕು ಕಣೇ, ಮರೀಬೇಡ."

*

ಅವನು ಕಳಿಸುತ್ತಿದ್ದ ಸೊಪ್ಪನ್ನು ಪರೀಕ್ಷಿಸುತ್ತಿದ್ದ ಪ್ರಯೋಗಾಲಯದ ಮೇಡಂ ಕೂಡ ಮಣ್ಣಿಗೆ ಬಂದಿದ್ದರು; ಗುಂಡಿಯ ಬಳಿ ಅವರು ಮೆಲ್ಲನೆ ಬಾಯಿಬಿಟ್ಟರು. "ಒಬ್ಬ ಮನುಷ್ಯನ ಎಲುಬಲ್ಲಿರೋದು ಒಂದು ಚಿಟಿಕೆಯಷ್ಟೂ ಇಲ್ಲ. ಜೇಡಿ ಹಾಕಲೇಬೇಕು ಅಂತೇನಿಲ್ಲ."

"ನೋಡಿದ್ಯಾ?" ಎಂದ ಅಣ್ಣ. ಅದು ಗೆದ್ದವನ ಮುಖವಾಗಿರಲಿಲ್ಲ. "ಆ ಕಾರ್ಖಾನೆಗೆ ಅವನನ್ನ ಕೈಹಿಡಿದು ಕರ್ಕೊಂಡು ಹೋಗಿ ಸೇರಿಸಿದವನು ನಾನು. ಇಷ್ಟು ಜನರ ಮುಂದೆ ನನ್ನ ಆ ತಪ್ಪನ್ನೇ ಗುಂಡಿಗೆ ಸುರೀಬೇಕಾ?"

ಬೆಳಗಿನಿಂದ ಭಾವನ ಮೇಲೆ ಕುದಿಯುತ್ತಿದ್ದ ಮೇಷ್ಟ್ರ ಹೆಂಡತಿಗೆ ಸಿಟ್ಟೆಲ್ಲ ಇಳಿದುಹೋಯಿತು. ಪಾಪ, ಇದನ್ನು ಎಷ್ಟು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನೋ.

"ಅವರು ಒಂದಿನಾನೂ ಹಾಗಂದಿಲ್ಲ ಭಾವ. ಅಣ್ಣ ಕೆಲಸ ಕೊಡಿಸ್ದ, ಕೆಲಸ ಇದ್ದಿದ್ದಕ್ಕೆ ನೀನು ಸಿಕ್ಕಿದೆ ಅಂತಿದ್ರು. ಜೇಡಿ ಯಾರ ತಪ್ಪಿಗೂ ಅಲ್ಲ. ಈ ಸ್ಮಶಾನದ ಕೆಳಗಡೆ ಮನೆಯೋರು ಬಾವಿ ನೀರು ಕುಡೀತಾರಲ್ಲ, ಅವರಿಗೆ ನನ್ನಿಂದ ಚಿಟಿಕೆಯಾದ್ರೂ ಯಾಕೆ ಅಂದ್ರು."

"ಹೆಂಡ್ತಿ ಸಿಕ್ಕಿದ್ದನ್ನೂ ನನ್ನ ತಲೆಗೇ ಕಟ್ಟಿದ್ನಾ?" ಅಣ್ಣ ಮೂಗೊರೆಸಿಕೊಂಡ. ಹಿಂದೆ ಯಾರೋ ಕಿಸಕ್ಕೆಂದರು. ಆಮೇಲೆ ಹೆಂಡತಿಯೂ ಸೇರಿ ಎಲ್ಲರೂ ನಕ್ಕುಬಿಟ್ಟರು.

ಗುಂಡಿ ತೋಡುವವನು ಮೂಟೆ ಬಿಚ್ಚಿ, ನೀರು ಚಿಮುಕಿಸಿ, ಸಲಿಕೆಯಿಂದ ಜೇಡಿಯನ್ನು ಎರಚಲು ಹೊರಟ.

"ಹಾಗಲ್ಲಪ್ಪ, ತಡಿ," ಎಂದು ಅಣ್ಣ ಬೂಟು ಬಿಚ್ಚಿದ. ಪ್ಯಾಂಟು ಮಡಚಿ, ಎಪ್ಪತ್ತರ ಮೊಣಕಾಲುಗಳನ್ನು ಬೈದುಕೊಳ್ಳುತ್ತ ಏಣಿಯಿಂದ ಗುಂಡಿಗಿಳಿದ. ಮೇಲಿನಿಂದ ಬುಟ್ಟಿಯಲ್ಲಿ ಇಳಿಸಿದ ಜೇಡಿಯ ಹೆಂಟೆಗಳನ್ನು ಬೆರಳಲ್ಲಿ ಪುಡಿಮಾಡಿ, ಅಂಗೈಯಿಂದ ಸವರಿ, ತಲೆಯ ಕಡೆ ತುಸು ದಪ್ಪಗೆ ಹಾಸಿದ. ಮೇಲಿನವರು ಸಾಕು ಬನ್ನಿ ಎಂದರೂ ಕೇಳಲಿಲ್ಲ.

"ಕಾಲಿನ ಕಡೆ ತೆಳ್ಳಗಾಯ್ತು," ಎಂದು ಕೆಸರಿನ ಕೈಗಳೆರಡನ್ನೂ ಮೇಲಕ್ಕೆ ಚಾಚಿದ. "ಇನ್ನೊಂದು ಬುಟ್ಟಿ ಕೊಡಿ."