ಹನ್ನೆರಡು ಪಾಟಿ

೧೯೮೮ರಲ್ಲಿ ತೊರವಿ ಹಾದಿಯ ನಮ್ಮ ನೀರಿನ ಸರ್ವೆ ಕಚೇರಿಗೆ ಕಂಪ್ಯೂಟರ್ ಬಂತು. ಅದನ್ನು ಮುಟ್ಟುವ ಅಧಿಕಾರ ನನಗೊಬ್ಬನಿಗೇ ಇತ್ತು. ಸೊಕ್ಕೂ ಅಷ್ಟೇ ಇತ್ತು.

ಜಿಲಾನಿ ಟಿಕೋಟಾದವನು, ನಮ್ಮಲ್ಲಿ ದಿನಗೂಲಿ. ತೊರವಿಯ ಹಳೆಯ ನೀರಿನ ಸುರಂಗದ ಬಾವಿಗಳಿಗೆ ಹಗ್ಗ ಕಟ್ಟಿಕೊಂಡು ಇಳಿದು ಅಳತೆ ತರುವುದು ಅವನ ಕೆಲಸ. ಕೆಳಗೆ ಕಾಗದ ತೊಯ್ಯುತ್ತದೆಂದು ಪಾಟಿಯ ಮೇಲೆ, ಅಂದರೆ ಮಕ್ಕಳ ಸ್ಲೇಟಿನ ಮೇಲೆ, ಬಳಪದಿಂದ ಬರೆದು ತರುತ್ತಿದ್ದ. ಕೆಟ್ಟ ಗಾಳಿ ಕುಡಿದು ಕುಡಿದು ಎದೆ ಹಾಳಾಗಿತ್ತು. ಇನ್ನು ಇಳಿದರೆ ಜೀವಕ್ಕೆ ನಾನು ಹೊಣೆಯಲ್ಲ ಎಂದು ಬಬಲೇಶ್ವರದ ಡಾಕ್ಟರು ಹೇಳಿಬಿಟ್ಟಿದ್ದರು. ಕೊನೆಯ ಹನ್ನೆರಡು ಬಾವಿಗಳ ಅಳತೆಯ ಪಟ್ಟಿ ಶನಿವಾರದೊಳಗೆ ಒಪ್ಪಿಸಿದರೆ ಅವನಿಗೆ ಕಚೇರಿಯೊಳಗೇ ಕಾಯಂ ಕೆಲಸ. ಮುಂದೆ ಬಾವಿಯ ಮುಖ ನೋಡಬೇಕಿಲ್ಲ.

ಶುಕ್ರವಾರ ಬೆಳಿಗ್ಗೆ ಹನ್ನೆರಡು ಪಾಟಿ ಹೊತ್ತು ಬಂದ. ಜೊತೆಗೆ ಹೆಂಡತಿ ಸಕೀನಾ. ಆಕೆ ತೊರವಿ ಸಾಲೆಯಲ್ಲಿ ಕಲಿಸುವ ಅಕ್ಕೋರು, ಪಾಟಿಗಳೂ ಸಾಲೆಯವೇ. ಮಕ್ಕಳಿಗೆ ಮಧ್ಯಾಹ್ನ ಬೇಕಿದ್ದವು. ಅವನು ಅಂಕಿ ಓದಿದ, ನಾನು ಕಂಪ್ಯೂಟರಿನಲ್ಲಿ ಒತ್ತಿದೆ.

ನಾವು ಒತ್ತಿದ್ದು ಕೂಡಲೇ, ಬರೆದದ್ದು ಕಾಯಂ ಉಳಿಯುವ ಡಿಸ್ಕಿಗೆ ಹೋಗುವುದಿಲ್ಲ. ಕರ್ನೆಲ್ ಎಂಬ ಒಳಗಿನ ಕಾರಭಾರಿ ಅದನ್ನು ಮೊದಲು ಯಂತ್ರದ ನೆನಪಿನ ಪುಟಗಳಲ್ಲಿ ಇಟ್ಟುಕೊಂಡು, ಬದಲಾದ ಪುಟಕ್ಕೆ ಕೊಳೆ ಎಂದು ಗುರುತು ಹಾಕುತ್ತಾನೆ. ಒಂದೊಂದು ಅರಿವೆ ಒಗೆಯಲು ಒಂದೊಂದು ಸಲ ಹಳ್ಳಕ್ಕೆ ಯಾರು ಹೋಗುತ್ತಾರೆ? ಗಂಟು ಕಟ್ಟಿ ಒಯ್ಯುವ ಹಾಗೆ, ಅರ್ಧ ನಿಮಿಷಕ್ಕೊಮ್ಮೆ ಕೊಳೆಪುಟಗಳನ್ನೆಲ್ಲ ಕೂಡಿಸಿ ಡಿಸ್ಕಿಗೆ ಇಳಿಸುತ್ತಾನೆ. ಆಗೆಲ್ಲ ಯಂತ್ರ ಗರಗರ ಅಂದು ತಡವರಿಸುತ್ತಿತ್ತು. ನನಗೆ ತಾಳ್ಮೆ ಎಲ್ಲಿಯದು? ಆ ಇಳಿಸುವ ಕೆಲಸವನ್ನೇ ಅವತ್ತು ನಿಲ್ಲಿಸಿ ಕೂತಿದ್ದೆ. ಸಂಜೆ ಒಮ್ಮೆಗೇ ಇಳಿಸಿದರಾಯಿತು ಅಂದುಕೊಂಡಿದ್ದೆ.

ಒತ್ತಿ ಮುಗಿಸಿ ಪಟ್ಟಿಯನ್ನು ತೆರೆಯ ಮೇಲೆ ತರಿಸಿದೆ. ಪಾಟಿಗೆ ಪಾಟಿ ತಾಳೆ ನೋಡಿದೆವು. ಒಂದು ಅಂಕಿಯೂ ತಪ್ಪಿರಲಿಲ್ಲ.

"ಒರಸ್ಲೇನ್ರಿ ಸಾಹೇಬ್ರ?" ಸಕೀನಾ ಕೇಳಿದಳು.

"ಒರಸ್ರಿ ಅಕ್ಕೋರ. ಈ ಮಷಿನ್ ನನಕಿಂತಾ ಹುಷಾರೈತಿ."

ಆಕೆ ಒದ್ದೆ ಬಟ್ಟೆಯಿಂದ ಹನ್ನೆರಡನ್ನೂ ಒರೆಸಿದಳು. ಗಂಡನ ಮುಖ ನೋಡಿ ನಕ್ಕಳು. ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಕರೆಂಟು ಮರಳಿದಾಗ ಪಟ್ಟಿಯ ಹೆಸರಷ್ಟೇ ಉಳಿದಿತ್ತು, ಒಳಗೆ ಏನೂ ಇರಲಿಲ್ಲ. ನಾವು ತಾಳೆ ನೋಡಿದ್ದು ಕರೆಂಟು ಹೋದರೆ ಅಳಿಸಿಹೋಗುವ ನೆನಪಿನ ಪುಟವನ್ನು, ಡಿಸ್ಕನ್ನಲ್ಲ. ಇದು ನನಗೆ ಗೊತ್ತಿದ್ದ ಸಂಗತಿಯೇ. ಒರೆಸಿರಿ ಅನ್ನುವಾಗ ನೆನಪಾಗಲಿಲ್ಲ.

"ಕರೆಂಟ್ ಹೋತು, ಏನ್ ಮಾಡೂದು," ಎಂದೆ. ನಾನು ನಿಲ್ಲಿಸಿದ್ದ ಕೆಲಸದ ಮಾತು ಬಾಯಿಗೆ ಬರಲಿಲ್ಲ. "ಅಂದಾಜು ಹಾಕಿ ಕೊಟ್ಟಬಿಡೂಣು, ಜಿಲಾನಿ. ಯಾರ್ ಇಳದ್ ನೋಡ್ತಾರ?"

"ಬ್ಯಾಡ್ರಿ. ಇದನ್ನ ನಂಬಿ ಮ್ಯಾಲ ರಸ್ತಾ ಮಾಡೋರದಾರ. ಮಂದಿ ಕುಸದ್ ಬೀಳ್ತಾರ್ರಿ." ಸ್ವಲ್ಪ ಹೊತ್ತು ಕೆಮ್ಮಿದ. "ನಾಳೆ ಒಂದಿನಾ ಐತೆಲ್ಲ. ಇಳೀತೇನಿ."

"ಬ್ಯಾಡ," ಅಂದಳು ಸಕೀನಾ. ಅವನು ಕೇಳಲಿಲ್ಲ.

ಶನಿವಾರ ಇಬ್ಬರು ಆಳುಗಳ ಜೊತೆ ಆಕೆಯೂ ಹಗ್ಗ ಹಿಡಿದಳು. ಜಿಲಾನಿ ಕೆಳಗಿನಿಂದ ಅಳತೆ ಕೂಗಿದ, ನಾನು ಮೇಲೆ ಕೂತು ಕಾಗದದ ಮೇಲೆ ಬರೆದುಕೊಂಡೆ. ಎಂಟು ಬಾವಿ ಮುಗಿದವು. ಒಂಬತ್ತನೆಯದರಲ್ಲಿ ಆಳ ಹೇಳಿದ, ಅಗಲ ಹೇಳಲಿಲ್ಲ. ಎಲ್ಲರೂ ಕೂಡಿ ಎಳೆದೆವು. ಮೇಲೆ ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಮರುದಿನ ಟಿಕೋಟಾದ ಅವರ ಮನೆಗೆ ಹೋದೆ. ಡಿಸ್ಕಿಗೆ ಇಳಿಸುವುದನ್ನು ನಿಲ್ಲಿಸಿದವನು ನಾನೇ ಅನ್ನುವುದನ್ನು ಈ ಸಲ ಹೇಳಲೇಬೇಕೆಂದು ದಾರಿಯುದ್ದಕ್ಕೂ ಗಟ್ಟಿಮಾಡಿಕೊಂಡಿದ್ದೆ. ನನ್ನನ್ನು ಕಂಡದ್ದೇ ಸಕೀನಾ ಎದ್ದು ಬಂದಳು.

"ನೀವ್ ಮನಸಿಗ್ ಹಚ್ಕೋಬ್ಯಾಡ್ರಿ ಸಾಹೇಬ್ರ," ಎಂದಳು. "ಒರಸಿದಾಕಿ ನಾನು. ನನ್ನ ಕೈಲೇ ಒರಸೇನಿ."

"ಇರ್ಲಿ ಬಿಡ್ರಿ ಅಕ್ಕೋರ," ಎಂದೆ.