ಹನ್ನೊಂದು ವರ್ಷದ ಹಾಜರಿ

ಕೆಮ್ಮುತ್ತಿದ್ದಾನೆ ಮೇಸ್ತ್ರಿ ಉಚ್ಚೀರಪ್ಪ, ಹತ್ತಿ ಮಿಲ್ಲಿನ ಧೂಳು ಕುಡಿದವರ ಒಣ ಕೆಮ್ಮು, ಸಾಕ್ಷಿ ಕಟಕಟೆಯ ಕಂಬಿ ಹಿಡಿದುಕೊಂಡು, ಪಾಪ, ಇವನಿಗೆ ಯಾರಾದರೂ ಬಿಸಿನೀರು ಕೊಡಬಾರದೇ ಅನ್ನಿಸಿತು ವಕೀಲೆ ಹೇಮಾವತಿಗೆ, ಬೆಳಿಗ್ಗೆ ಮಗಳು ಚೇತನಾ ಕೂಡ ಹೀಗೇ ಕೆಮ್ಮುತ್ತಿದ್ದಳು, ಅಮ್ಮಾ ಇವತ್ತೊಂದಿನ ಹೋಗಬ್ಯಾಡ, ಮೈ ಕಾದ ಹೆಂಚು, ಆದರೂ ಪಕ್ಕದ ಮನೆಯಲ್ಲಿ ಬಿಟ್ಟು ಬಂದದ್ದು — ಹತ್ತೊಂಬತ್ತು ವರ್ಷದ ವಕೀಲಿಕೆ ಇದೇ ಆಯಿತು, ಆದೋನಿಯಲ್ಲಿ ಕ್ರಿಮಿನಲ್ ಕೇಸು, ಕೂಲಿಯವರ ಕೇಸಿಗೆ ಕರ್ನೂಲಿನ ಲೇಬರ್ ಕೋರ್ಟಿಗೆ ಬಸ್ಸು — ಈಕಿ ಯಾರೋ ನನಗ ಗೊತ್ತಿಲ್ರಿ ಮೇಡಂ, ಕದಿಯಾಕ ಒಳಗ ಬಂದಾಳ, ಮಿಷಿನ್ನಾಗ ಕೈ ಇಟ್ಟಾಳ, ಎನ್ನುತ್ತಾನೆ ಉಚ್ಚೀರಪ್ಪ, ಕಣ್ಣು ನೆಲದಲ್ಲಿ. ಎರಡು ಬೆರಳು ಕಳೆದುಕೊಂಡ ಪಕೀರಮ್ಮ, ಪರಿಹಾರ ಕೇಳಿದ ಮರುವಾರವೇ ಕಳ್ಳಿಯಾದವಳು, ಅಗೋ ಆರೋಪಿಯ ಜಾಗದಲ್ಲಿ ಸೆರಗು ಹೊದ್ದು ನಿಂತಿದ್ದಾಳೆ, ಮಿಲ್ಲಿನ ಪುಸ್ತಕದಲ್ಲಿ ಅವಳ ಹೆಸರೇ ಇಲ್ಲ, ಜೊತೆಗೆ ದುಡಿದ ಒಬ್ಬಳೂ ಸಾಕ್ಷಿಗೆ ಬರಲಿಲ್ಲ, ಒಪ್ಕೊಂಡುಬಿಡು ಪಕೀರಮ್ಮ, ದಂಡ ಕಟ್ಟಿ ಮನಿಗೆ ಹೋಗು, ಎಂದು ಚಹಾದಂಗಡಿ ಮುಂದೆ ಅವಳ ಪರ ವಕೀಲೆ ತಾನೇ ಹೇಳಿದ್ದಲ್ಲವೇ, ದಣಿವು ಹೇಳಿಸಿತೋ ಕಾನೂನು ಹೇಳಿಸಿತೋ, ಆಕೆ ನಕ್ಕಿದ್ದಳು, ಹನ್ನೊಂದು ವರ್ಷ ದುಡಿದೀನ್ರಿ ವಕೀಲಕ್ಕ, ದುಡಿದ ಜಾಗದಾಗ ಕಳ್ಳಿ ಅಂತ ಹೆಂಗ ಅನ್ಲಿ, ನಿಮಗ ಮನಿಗೆ ಹೊತ್ತಾದ್ರ ನೀವ ಒಪ್ಕೊಳ್ರಿ.

ಇಂಕೇಮನ್ನಾ ಉಂದಾಮ್ಮಾ, ಇನ್ನೇನಾದರೂ ಇದೆಯೇ ಎಂದು ತೆಲುಗಿನಲ್ಲಿ ಕೇಳಿ ಜಡ್ಜ್ ಗಡಿಯಾರ ನೋಡುತ್ತಾರೆ, ಇನ್ನೇನು ಕೇಳುವುದು, ಏನೂ ಇಲ್ಲ, ಚೀಲದಲ್ಲಿ ಫೋನು ನಡುಗುತ್ತಿದೆ, ಚೇತನಾಳೇ ಇರಬೇಕು, ಯೋಚಿಸಲು ಒಂದು ನಿಮಿಷ ಸಿಕ್ಕರೆ ಸಾಕೆಂದು, ಬೆರಳು ಹೋದ ದಿನದ ಹಾಜರಿ ಓದಪ್ಪ ಎಂದುಬಿಟ್ಟಳು, ಪಕೀರಮ್ಮ ಅದರಲ್ಲಿಲ್ಲ ಎಂದು ತೋರಿಸಲು ಅವನೇ ತಂದ ಪುಸ್ತಕ, ಬಿಡಿಸಿದ, ಮಿಲ್ಲಿನ ಗೇಟಿನಲ್ಲಿ ಕೂಗುವ ಅದೇ ಗಟ್ಟಿ ದನಿ, ಹೊನ್ನೂರಮ್ಮ, ಸುಂಕಮ್ಮ, ಲಿಂಗಕ್ಕ — ಅದೀನ್ರೀ.

ಯಾರದು ಇದ್ದೀನಿ ಅಂದದ್ದು, ಪಕೀರಮ್ಮ, ಕೈ ಎತ್ತಿದ್ದಾಳೆ, ತನಗೇ ಗೊತ್ತಿಲ್ಲದೆ. ಲಿಂಗಕ್ಕ ಎಂದೋ ಕೆಲಸ ಬಿಟ್ಟು ಹೋದವಳಿರಬೇಕು, ಆ ಹೆಸರಿನ ಮೇಲೆ ಇವಳನ್ನು ದುಡಿಸಿದ್ದಾರೆ, ಉಚ್ಚೀರಪ್ಪನ ಮುಖವೇ ಹೇಳುತ್ತಿದೆ, ದಿನಾ ಬೆಳಿಗ್ಗೆ ಇನ್ನೊಬ್ಬಳ ಹೆಸರಿಗೆ ಓಗೊಟ್ಟು ಓಗೊಟ್ಟು, ಅಯ್ಯೋ ನನಗೇಕೆ ಹೇಳಲಿಲ್ಲ, ಅದೂ ಕಳವು ಅಂದುಕೊಂಡಳೇ — ಜಡ್ಜ್ ಪೆನ್ನು ಎತ್ತಿಕೊಂಡರು, ಬರೆದುಕೊಳ್ಳಿ ಸರ್ ಎನ್ನಬೇಕು, ಆ ಕೈ, ಮೂರು ಬೆರಳಿನ ಕೈ, ಇಳಿಸು ಎಂದು ಯಾರೂ ಹೇಳಿಲ್ಲ, ಮೂರು ಬೆರಳು, ಗಾಳಿಯಲ್ಲಿ, ಹಾಜರಿ ಬೀಳುವ ತನಕ ಇಳಿಯದ ಕೈ