ಹದಿನಾಲ್ಕನೆಯ ದೋಣಿಯ ಕೆಳಗೆ

ಬಿಳಿ ಬಣ್ಣ ಎದ್ದುಹೋದ ಕಡೆ ಅಡಿಯಿಂದ ಬೂದು ಕಾಣುತ್ತಿದೆ, ಯುದ್ಧಕಾಲದ ಬೂದು, ಇಷ್ಟು ವರ್ಷ ಅದು ಅಲ್ಲೇ ಇತ್ತು — ಕ್ಷಮೆ ಇರಲಿ, ಹಡಗಿನ ವಿಚಾರ ಹೇಳಿಕೊಳ್ಳಲು ನಾನು ಯಾರು, ಕ್ಯಾಪ್ಟನ್ ಅಲ್ಲ, ಇಂಜಿನಿಯರ್ ಅಲ್ಲ, ಮರಕ್ಕೆ ಪಾಲಿಷ್ ಹಾಕುವವಳು, ಸಂಜೆ ತರಗತಿಯಲ್ಲಿ ಮೂರು ಚಳಿಗಾಲ ಇತಿಹಾಸ ಓದಿದ್ದು ಬಿಟ್ಟರೆ ಏನೂ ಗೊತ್ತಿಲ್ಲ, ತಪ್ಪಿದ್ದರೂ ಇರಬಹುದು — ಮೆಟ್ಟಿಲು ಕಡಿದಾಗಿದೆ, ಮಿಸೆಸ್ ಲೆನಕ್ಸ್ ನನ್ನ ತೋಳಿಗೆ ಜೋತುಬಿದ್ದಿದ್ದಾರೆ, ನಿಧಾನ ಎಫೀ, ಹಡಗೇನು ಓಡಿಹೋಗಲ್ಲ, ಅದರ ಓಟ ಮುಗೀತು ಅನ್ನುತ್ತಾರೆ, ನಮ್ಮ ಕೆಳಗಿನ ಮನೆಯವರು, ಎಪ್ಪತ್ತೆರಡು ವರ್ಷ, ಒಳ್ಳೆಯ ಟೋಪಿ ಹಾಕಿಕೊಂಡು ಬಂದಿದ್ದಾರೆ, ಚರ್ಚಿಗೆ ಹೊರಟವರ ಹಾಗೆ. ನಾಳಿದ್ದಿನಿಂದ ಇದನ್ನು ಒಡೆಯುತ್ತಾರೆ, ಇವತ್ತು ಕುರ್ಚಿ ಕನ್ನಡಿ ಮಾರಾಟ, ಯಾರೋ ಒಬ್ಬ ಸ್ನಾನದ ತೊಟ್ಟಿಯನ್ನೇ ಹೊತ್ತು ಇಳಿಯುತ್ತಿದ್ದಾನೆ. ಕಿನ್‌ಗಾರ್ತ್. ನಮ್ಮ ಕ್ಲೈಡ್‌ಬ್ಯಾಂಕಿನಲ್ಲೇ ಹುಟ್ಟಿದ ಹಡಗು, ನೃತ್ಯದ ಹಾಲಿನಲ್ಲಿ ಮೂರು ಅಂತಸ್ತಿನ ಮಂಚ ಕಟ್ಟಿ ಸಾವಿರಾರು ಸೈನಿಕರನ್ನು ಈಜಿಪ್ಟಿಗೆ ಸಾಗಿಸಿತು, ಆಮೇಲೆ ಗಾಯಾಳುಗಳನ್ನು, ಆಮೇಲೆ ಸೈನಿಕರ ಹೆಂಡಿರನ್ನು ಕೂಸುಗಳ ಸಮೇತ ಕೆನಡಾಕ್ಕೆ, ಕೊನೆಗೆ ಹತ್ತು ಪೌಂಡಿನ ಅಗ್ಗದ ಟಿಕೆಟ್ಟಿನಲ್ಲಿ ವಲಸೆ ಹೊರಟವರನ್ನು ಆಸ್ಟ್ರೇಲಿಯಾಕ್ಕೆ. ಇವರ ಮಗ ಹೆಕ್ಟರ್ ಲೆನಕ್ಸ್ ಮೊದಲನೆಯ ಗುಂಪಿನಲ್ಲಿ ಹೋದವನು. ಮರಳುಗಾಡಿನಲ್ಲಿ ಸತ್ತ, ಗೋರಿಯೂ ಸಿಗಲಿಲ್ಲ. ಸಿಕ್ಕಿದ್ದು ಅವನು ಹಡಗಿನಿಂದ ಬರೆದ ಒಂದು ಕಾಗದ, ಅಮ್ಮಾ, ಡೆಕ್ಕಿನ ಅಂಚಿನ ಕಟಕಟೆಯ ಮೇಲೆ ಚಾಕುವಿನಲ್ಲಿ ನನ್ನ ಹೆಸರು ಕೊರೆದಿದ್ದೇನೆ, ಹದಿನಾಲ್ಕನೆಯ ದೋಣಿಯ ಕೆಳಗೆ, ಎಲ್ಲರೂ ಕೊರೆಯುತ್ತಾರೆ, ಯಾರೂ ಬಯ್ಯುವುದಿಲ್ಲ.

ಎಲ್ಲರೂ ಕೊರೆದಿದ್ದರು, ನಿಜ. ಯುದ್ಧ ಮುಗಿದು ನಲವತ್ತೇಳರಲ್ಲಿ ಹಡಗು ರಿಪೇರಿಗೆ ಬಂದಾಗ ಕಟಕಟೆಯ ತೇಗದ ಪಟ್ಟಿಯಲ್ಲಿ ಅಂಗೈಯಗಲ ಖಾಲಿ ಜಾಗ ಇರಲಿಲ್ಲ, ಹೆಸರು, ಊರು, ಹುಡುಗಿಯರ ಹೆಸರು. ಬಡಗಿಗಳು ಕೀಸಬೇಕು, ಹಿಂದೆಯೇ ನಾವು ಹೆಂಗಸರು ಉಪ್ಪುಕಾಗದದಲ್ಲಿ ಉಜ್ಜಿ ವಾರ್ನಿಷ್ ಹಾಕಬೇಕು, ಮೂರು ಕೈ. ತೀರಾ ಆಳಕ್ಕೆ ಕೊರೆದ ಕಡೆ ಪಟ್ಟಿಯನ್ನು ಕತ್ತರಿಸಿ ಬೇರೆ ತುಂಡು ಕೂರಿಸುತ್ತಿದ್ದರು. ಮಿಸೆಸ್ ಲೆನಕ್ಸ್ ಮನೆಯ ಮೆಟ್ಟಿಲಲ್ಲಿ ನನ್ನನ್ನು ನಿಲ್ಲಿಸಿ ಕೇಳಿದ್ದರು, ಕೀಸೋಕೆ ಮುಂಚೆ ಒಂದ್ಸಲ ನೋಡ್ತೀಯೇನಮ್ಮ. ನೋಡಿದೆ. ಕಟಕಟೆಯ ಮೇಲ್ಗಡೆ ತೂಗುವ ಜೀವರಕ್ಷಕ ದೋಣಿಗಳ ಮೇಲೆ ಹೊಸದಾಗಿ ಸಂಖ್ಯೆ ಬರೆದಾಗಿತ್ತು, ಹದಿನಾಲ್ಕರ ಕೆಳಗೆ ಮೊಣಕಾಲೂರಿ ಒಂದೊಂದೇ ಹೆಸರು ಓದಿದೆ, ಮೇಸ್ತ್ರಿ ಬೆಲ್ಲಾ ಹಿಂದಿನಿಂದ, ಏನೇ ಪ್ರೊಫೆಸರಮ್ಮ, ಉಜ್ಜೋಕೆ ಬಂದ್ಯೋ ಓದೋಕೆ ಬಂದ್ಯೋ, ಎಲ್ಲರೂ ನಕ್ಕರು. ಹೆಕ್ಟರನ ಹೆಸರು ಇರಲಿಲ್ಲ. ಎರಡು ದಿನದ ಮೇಲೆ ಆ ಸಂಖ್ಯೆ ಬರೆದ ಬಣ್ಣದವನು ಮಾತಿನ ನಡುವೆ ಹೇಳಿದ, ಯುದ್ಧದಲ್ಲಿ ಮುಂದ್ಗಡೆ ಪಕ್ಕಕ್ಕೊಂದು ದೋಣಿ ಜಾಸ್ತಿ ಇತ್ತಲ್ಲ, ಅವನ್ನ ಇಳಿಸಿದ್ವಿ, ಈಗ ಹದಿನಾಲ್ಕು ಅಂತಿರೋದು ಆಗ ಹದಿನಾರು. ಒಂದು ಕಡೆ ಸಮ, ಇನ್ನೊಂದು ಕಡೆ ಬೆಸ, ಮುಂದಿನ ಒಂದು ದೋಣಿ ಹೋದರೆ ಹಿಂದಿನವುಗಳ ಸಂಖ್ಯೆ ಎರಡು ಇಳಿಯುತ್ತದೆ, ಹಡಗುಕಟ್ಟೆಯಲ್ಲಿ ಬೆಳೆದವಳಿಗೆ ಇದು ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಅಂದರೆ ಹೆಕ್ಟರನ ಹದಿನಾಲ್ಕು ಈಗಿನ ಹನ್ನೆರಡು. ಹನ್ನೆರಡರ ಕೆಳಗೆ ಸೋಮವಾರವೇ ಕೀಸಿದ್ದರು, ಉಜ್ಜಿದವಳು ನಾನೇ, ಹಾಡಿಕೊಂಡು ಉಜ್ಜಿದ್ದೆ, ಮರ ಕನ್ನಡಿಯಾಗಿತ್ತು, ಬೆಲ್ಲಾ ಕೂಡ ಹೊಗಳಿದ್ದಳು.

ಆವತ್ತೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಹೇಳಲೆಂದೇ ಮಿಸೆಸ್ ಲೆನಕ್ಸ್ ಅವರ ಕದ ತಟ್ಟಿದೆ, ಅವರು ಚಹಾಕ್ಕೆ ನೀರಿಟ್ಟರು, ಸಕ್ಕರೆ ಇನ್ನೂ ರೇಷನ್ನಿನದು, ಕೇಳದೆಯೇ ನನ್ನ ಕಪ್ಪಿಗೆ ಎರಡು ಚಮಚ ಹಾಕಿದರು, ಕುಡಿದು, ಹೇಳದೆಯೇ ಮೇಲೆ ಹತ್ತಿ ಬಂದೆ. ಮರುದಿನ ಚೂರುಗಳ ರಾಶಿಯಲ್ಲಿ ಹುಡುಕಿದೆ, ಕತ್ತರಿಸಿ ಎಸೆದ ತುಂಡುಗಳು, ಯಾವುದು ಎಲ್ಲಿಯದೋ, ಒಂದರ ಮೇಲೆ ಎಚ್, ಎಲ್, ಎರಡೇ ಅಕ್ಷರ. ಕೋಟಿನೊಳಗೆ ಇಟ್ಟುಕೊಂಡು ಬಂದು, ಹದಿನಾಲ್ಕರ ಕೆಳಗಿನದು, ಬಡಗಿ ಹತ್ತಿರ ಕತ್ತರಿಸಿಕೊಂಡು ತಂದೆ ಅಂದೆ. ಅವರು ಅಳಲಿಲ್ಲ. ಒಲೆಯ ಮೇಲಿನ ಹಲಗೆಯಲ್ಲಿ ಗಡಿಯಾರ ಸರಿಸಿ ಅಲ್ಲಿಟ್ಟರು, ಹದಿನೈದು ವರ್ಷದಿಂದ ಅದರ ಧೂಳು ಒರೆಸುತ್ತಾರೆ, ಬಂದವರಿಗೆ ತೋರಿಸುತ್ತಾರೆ, ನನ್ನ ಎಫಿ ತಂದುಕೊಟ್ಟಿದ್ದು.

ಈಗ ಡೆಕ್ಕಿನ ಮೇಲೆ, ಇಲ್ಲೇ ಅನ್ನುತ್ತಾ ಅವರು ನಿಂತಿದ್ದಾರೆ, ಮೇಲೆ ದೋಣಿ ಇಲ್ಲ, ಆಗಲೇ ಮಾರಿದ್ದಾರೆ, ಕಂಬದ ಮೇಲೆ ಮಾತ್ರ ಹದಿನಾಲ್ಕು. ಕೈಚೀಲದಿಂದ ತುಂಡನ್ನು ತೆಗೆದರು, ತಂದಿದ್ದಾರೆಂದು ನನಗೆ ಗೊತ್ತಿರಲಿಲ್ಲ, ಒಂದ್ಸಲ ಅದರ ಜಾಗದಲ್ಲಿ ಇಟ್ಟು ನೋಡ್ಬೇಕು ಕಣೇ ಅಂದರು. ಕೈಗವಸು ಕಳಚಿದರು. ಪಟ್ಟಿಯ ಮೇಲೆ ಬೆರಳಿಟ್ಟು ಎಳೆದುಕೊಂಡು ಹೊರಟರು, ನಾಲ್ಕು ಹೆಜ್ಜೆ, ವಾಪಸು, ಮತ್ತೆ ನಾಲ್ಕು ಹೆಜ್ಜೆ. ಜೋಡಿಸಿದ ಗೆರೆ ಎಲ್ಲೇ ಎಫೀ? ಕತ್ತರಿಸಿದ ಮೇಲೆ ಬೇರೆ ತುಂಡು ಕೂರಿಸಿರ್ಬೇಕಲ್ಲ, ನಮ್ಮೆಜಮಾನ್ರು ಬಡಗಿ, ಇಷ್ಟು ನಂಗೂ ಗೊತ್ತು. ಗೆರೆ ಇಲ್ಲ. ಇಲ್ಲಿ ಯಾರೂ ಏನನ್ನೂ ಕತ್ತರಿಸಿಲ್ಲ, ಈ ಕಂಬದಿಂದ ಆ ಕಂಬದವರೆಗೆ ಒಂದೇ ಮರ. ಕಣ್ಣು ಮಂಜು ಅಂತ ಅವರು ಬೆರಳನ್ನು ನಂಬಿದ್ದಾರೆ, ಬೆರಳು ಸುಳ್ಳು ಹೇಳುವುದಿಲ್ಲ, ಅವರಿಗೆ ತಿಳಿದಿದೆಯೋ, ಮೊದಲೇ ತಿಳಿದಿತ್ತೋ, ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದಾರೋ, ಗೊತ್ತಿಲ್ಲ. ಆ ಸೋಮವಾರ ಹನ್ನೆರಡರ ಕೆಳಗೆ ನನ್ನ ಕೈಯಡಿ ಹೆಕ್ಟರನ ಹೆಸರಿನ ಒಂದು ಗೀರಾದರೂ ಉಳಿದಿತ್ತೇ, ಗೊತ್ತಿಲ್ಲ, ನಾನು ನೋಡಲಿಲ್ಲ. ಆ ಎಚ್, ಎಲ್ ಯಾರ ಮಗನೋ, ಗೊತ್ತಿಲ್ಲ. ಬೆರಳು ಪಟ್ಟಿಯ ಮೇಲೆ ಹೋಗುತ್ತಿದೆ, ಎಲ್ಲೂ ತಡೆಯದೆ, ನುಣುಪಾಗಿ ಹೋಗುತ್ತಿದೆ.